ಮರಳುಗಾಡಿನ ಹಗಲುವೇಷ

ಅಜ್ಞಾತವಾಸಕ್ಕೆ ಹೊರಟ ಪಾಂಡವರು ವಿರಾಟನ ಪಟ್ಟಣದ ಹೊರಗೆ ತಮ್ಮ ಆಯುಧಗಳನ್ನು ಬಚ್ಚಿಟ್ಟ ಬಗೆ ನಮಗೆಲ್ಲ ಚಿರಪರಿಚಿತವಾದುದು. ಗಾಂಡೀವವನ್ನು ಅವರು ನೆಲದಲ್ಲಿ ಹೂಳಲಿಲ್ಲ, ಗುಹೆಯಲ್ಲಿ ಅಡಗಿಸಲಿಲ್ಲ. ಶ್ಮಶಾನದ ಬಳಿಯ ಬನ್ನಿಯ ಮರದ ಮೇಲೆ, ಹೋಗಿಬರುವವರ ಕಣ್ಣಿಗೆ ಬೀಳುವಂತೆಯೇ ಕಟ್ಟಿ ತೂಗಹಾಕಿದರು. ಜೊತೆಗೆ ಒಂದು ಹೆಣವನ್ನೂ ಕಟ್ಟಿದರು. ಇದು ನಮ್ಮ ತಾಯಿಯ ಹೆಣ, ಹೀಗೆ ಕಟ್ಟುವುದು ನಮ್ಮ ಕುಲದ ಪದ್ಧತಿ ಎಂದು ದನಗಾಹಿಗಳಿಗೆ ಹೇಳಿದರು. ವರ್ಷವಿಡೀ ಆ ಮೂಟೆ ಎಲ್ಲರಿಗೂ ಕಾಣುತ್ತಲೇ ಇತ್ತು. ಹತ್ತಿರ ಹೋಗಿ ನೋಡಬೇಕೆಂದು ಮಾತ್ರ ಯಾರಿಗೂ ಅನ್ನಿಸಲಿಲ್ಲ. ಆಯುಧವನ್ನು ಕಾಣದಂತೆ ಮಾಡುವುದು ಒಂದು ವಿದ್ಯೆ. ಕಂಡರೂ ಅದು ಆಯುಧವೆಂದು ತೋರದಂತೆ ಮಾಡುವುದು ಇನ್ನೊಂದು ವಿದ್ಯೆ. ಎರಡನೆಯದು ಹೆಚ್ಚು ಕಷ್ಟದ್ದು.

ಇಂದು ನಾನು ಹೇಳಹೊರಟಿರುವುದು ಬನ್ನಿಯ ಮರವೂ ಇಲ್ಲದ ಒಂದು ನಾಡಿನಲ್ಲಿ, ಸಾವಿರದಷ್ಟು ಆಯುಧಗಳನ್ನು, ಅವುಗಳಲ್ಲಿ ಹಲವು ಇಪ್ಪತ್ತು ಮೂವತ್ತು ಟನ್ ತೂಗುವಂಥವನ್ನು, ಹಾಡುಹಗಲಿನಲ್ಲಿ ಮರೆಮಾಚಿದ ಕತೆ. ಸ್ಥಳ, ಈಜಿಪ್ಟಿನ ಪಶ್ಚಿಮ ಮರುಭೂಮಿ. ಕಾಲ, ೧೯೪೨ರ ಸೆಪ್ಟೆಂಬರ್ ಮತ್ತು ಅಕ್ಟೋಬರ್.

ಆ ನೆಲವನ್ನು ಮೊದಲು ಕಣ್ಣಮುಂದೆ ತಂದುಕೊಳ್ಳಬೇಕು. ಅಲೆಕ್ಸಾಂಡ್ರಿಯದಿಂದ ಪಶ್ಚಿಮಕ್ಕೆ ಕಡಲ ತೀರವನ್ನು ಹಿಡಿದು ಹೋಗುವ ರೈಲುದಾರಿಯಲ್ಲಿ ಎಲ್ ಅಲಮೇನ್ ಎಂಬುದು ಒಂದು ಸಣ್ಣ ನಿಲ್ದಾಣ. ಉತ್ತರಕ್ಕೆ ಮೆಡಿಟರೇನಿಯನ್ ಸಮುದ್ರ. ದಕ್ಷಿಣಕ್ಕೆ ಸುಮಾರು ನಲವತ್ತು ಮೈಲಿ ದೂರದಲ್ಲಿ ಕಟ್ಟಾರ ಎಂಬ ಮಹಾ ತಗ್ಗು. ಸಮುದ್ರಮಟ್ಟಕ್ಕಿಂತ ಕೆಳಗಿರುವ ಆ ಉಪ್ಪಿನ ಜವುಗಿನಲ್ಲಿ ಸೈನ್ಯದ ಗಾಡಿಗಳು ಚಲಿಸಲಾರವು. ಮರುಭೂಮಿಯ ಯುದ್ಧದಲ್ಲಿ ಶತ್ರುವಿನ ಪಕ್ಕವನ್ನು ಬಳಸಿ ಬಂದು ಬೆನ್ನಿಗೆ ಬೀಳುವುದೇ ರೂಢಿ. ಇಲ್ಲಿ ಬಳಸಿ ಬರಲು ಎಡೆಯೇ ಇಲ್ಲ. ಒಂದು ಕಡೆ ಕಡಲು, ಒಂದು ಕಡೆ ಜವುಗು. ನಡುವೆ ಜರ್ಮನರೂ ಇಟಾಲಿಯನ್ನರೂ ಹೂತಿಟ್ಟ ನಾಲ್ಕು ಲಕ್ಷಕ್ಕೂ ಮೀರಿದ ನೆಲಬಾಂಬುಗಳು. ಆ ವರ್ಷದ ಆಗಸ್ಟಿನಲ್ಲಿ ಬ್ರಿಟಿಷರ ಎಂಟನೆಯ ಸೈನ್ಯದ ಅಧಿಪತ್ಯ ವಹಿಸಿದ ಮಾಂಟ್‌ಗೊಮರಿಗೆ ಎದುರಿನಿಂದಲೇ ಗೋಡೆ ಒಡೆಯದೆ ಬೇರೆ ಗತಿಯಿರಲಿಲ್ಲ. ಅವರು ಆರಿಸಿಕೊಂಡದ್ದು ಉತ್ತರ ಭಾಗವನ್ನು. ನಡುವಣ ರುವೈಸಾತ್ ದಿಣ್ಣೆಯ ಮೇಲೆ ನಮ್ಮವರಿದ್ದರು, ಭಾರತದ ನಾಲ್ಕನೆಯ ಡಿವಿಷನ್ನು.

ದಾಳಿ ಬರುವುದೆಂದು ಎದುರಾಳಿಗೆ ಗೊತ್ತಿಲ್ಲದೆ ಇರಲಿಲ್ಲ. ಅಷ್ಟು ದೊಡ್ಡ ಸನ್ನಾಹವನ್ನು ಅಂಗೈಯಂಥ ಬಯಲಿನಲ್ಲಿ ಮುಚ್ಚಿಡುವುದು ಸಾಧ್ಯವೂ ಇರಲಿಲ್ಲ. ಆದರೆ ಎರಡು ಸಂಗತಿಗಳನ್ನು ಮುಚ್ಚಿಡಬಹುದಾಗಿತ್ತು: ಎಲ್ಲಿ ಮತ್ತು ಎಂದು. ದಕ್ಷಿಣದಲ್ಲಿ, ಮತ್ತು ನವೆಂಬರ್ ಹುಟ್ಟಿದ ಮೇಲೆ, ಎಂದು ಶತ್ರು ನಂಬಬೇಕು. ಇದಕ್ಕಾಗಿ ಹೂಡಿದ ತಂತ್ರಕ್ಕೆ ‘ಬರ್ಟ್ರಮ್’ ಎಂಬ ಗುಪ್ತನಾಮ. ಒಟ್ಟು ಯೋಜನೆಯನ್ನು ಹೆಣೆದವರು ಕೈರೋದಲ್ಲಿ ವಂಚನೆಯ ಕಲೆಗೆಂದೇ ಒಂದು ಕಚೇರಿ ತೆರೆದಿದ್ದ ಡಡ್ಲಿ ಕ್ಲಾರ್ಕ್ ಮತ್ತು ಎಂಟನೆಯ ಸೈನ್ಯದ ಯೋಜನಾಧಿಕಾರಿ ಚಾರ್ಲ್ಸ್ ರಿಚರ್ಡ್‌ಸನ್. ಅದನ್ನು ಮರಳಿನ ಮೇಲೆ ನಿಜ ಮಾಡಿದವರು ಬೇರೆ ಜನ. ನನ್ನ ಆಸಕ್ತಿಯೆಲ್ಲ ಅವರಲ್ಲಿಯೇ.

ಅವರ ಮುಖ್ಯಸ್ಥ ಜೆಫ್ರಿ ಬಾರ್ಕಸ್, ಚಲನಚಿತ್ರ ನಿರ್ದೇಶಕ. ಅವರ ಬಲಗೈಯಾಗಿದ್ದ ಟೋನಿ ಏರ್ಟನ್ ಚಿತ್ರಕಾರ. ಬ್ರಯನ್ ರಾಬ್ ಪತ್ರಿಕೆಗಳಿಗೆ ವಿನೋದಚಿತ್ರ ಬರೆಯುತ್ತಿದ್ದವರು. ಪೀಟರ್ ಪ್ರೌಡ್ ಸಿನಿಮಾದ ಕಲಾನಿರ್ದೇಶಕ. ಸ್ಟೀವನ್ ಸೈಕ್ಸ್, ಜಾನ್ ಹಟನ್ ಇಬ್ಬರೂ ಕಲಾವಿದರು. ಹ್ಯೂ ಕಾಟ್ ಪ್ರಾಣಿಶಾಸ್ತ್ರಜ್ಞ. ಕವಾಯತು ಬಾರದ, ಸಲಾಮು ಹೊಡೆಯುವುದರಲ್ಲಿಯೂ ತಡವರಿಸುತ್ತಿದ್ದ ಈ ಗುಂಪನ್ನು ಹಳೆಯ ಸೇನಾಧಿಕಾರಿಗಳು ಮೊದಮೊದಲು ಹೇಗೆ ಕಂಡಿದ್ದಾರೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇವರ ಸಾಲಿನಲ್ಲಿ ಒಬ್ಬ ಜಾದೂಗಾರನೂ ಇದ್ದ, ಜಾಸ್ಪರ್ ಮಾಸ್ಕಲೈನ್. ಅಲೆಕ್ಸಾಂಡ್ರಿಯದ ಬಂದರನ್ನೇ ಮಾಯ ಮಾಡಿದವನು, ಸೂಯೆಜ್ ಕಾಲುವೆಯನ್ನು ಬೆಳಕಿನ ಚಕ್ರಗಳಿಂದ ಮುಚ್ಚಿದವನು ಎಂದೆಲ್ಲ ಅವನ ಹೆಸರಿನಲ್ಲಿ ಕತೆಗಳು ಹುಟ್ಟಿಕೊಂಡಿವೆ. ಇವುಗಳಲ್ಲಿ ಬಹುಪಾಲು ಅವನ ಹೆಸರಿನಲ್ಲಿಯೇ ಅಚ್ಚಾದ ಪುಸ್ತಕದ ಕೊಡುಗೆ. ಕಡತಗಳನ್ನು ಶೋಧಿಸಿದ ಇತಿಹಾಸಕಾರರಿಗೆ ಆ ಪವಾಡಗಳ ಸುಳಿವು ಸಿಕ್ಕಿಲ್ಲ. ಜಾದೂಗಾರ ಹೇಳಿದ್ದನ್ನೆಲ್ಲ ನಂಬಿದ್ದು ಓದುಗರ ತಪ್ಪೇ ಹೊರತು ಅವನದಲ್ಲ ಎಂದು ನನಗೆ ಒಮ್ಮೊಮ್ಮೆ ತೋರುತ್ತದೆ. ಅವನ ನಿಜವಾದ ಕಾಣಿಕೆ ಚಿಕ್ಕದು, ಆದರೆ ಗಟ್ಟಿಯಾದದ್ದು. ಅದರ ಮಾತು ಮುಂದೆ ಬರುತ್ತದೆ.

ಟ್ಯಾಂಕನ್ನು ಮರಳುಗಾಡಿನಲ್ಲಿ ಹಿಡಿದುಕೊಡುವುದು ಯಾವುದು? ಬಣ್ಣವೆಂದು ನಾವು ನೀವು ಹೇಳುತ್ತೇವೆ. ಸೈನ್ಯವೂ ಹಾಗೆಯೇ ತಿಳಿದಿತ್ತು. ೧೯೪೦ರಿಂದ ೪೧ರವರೆಗೆ ಬ್ರಿಟಿಷ್ ಟ್ಯಾಂಕುಗಳಿಗೆ ಮರಳು, ಬೂದು, ನೀಲಿಬೂದುಗಳಂಥ ಬಣ್ಣಗಳನ್ನು ಓರೆಯಾದ ನೇರಗೆರೆಗಳ ಪಟ್ಟೆಗಳಲ್ಲಿ ಬಳಿಯುತ್ತಿದ್ದರು. ಅದನ್ನು ರೂಢಿಗೆ ತಂದ ಬ್ರಿಗೇಡಿಯರನ ಹೆಸರಿನಿಂದ ‘ಕಾಂಟರ್ ಪದ್ಧತಿ’ ಎಂದು ಕರೆದರು. ನೋಡಲು ಬಹಳ ಚೆಲುವು. ೧೯೪೧ರ ಕೊನೆಯ ಹೊತ್ತಿಗೆ ಅದನ್ನು ಕೈಬಿಟ್ಟು ಬರಿಯ ಮರಳಿನ ಬಣ್ಣಕ್ಕೆ ಮರಳಿದರು. ಏಕೆಂದರೆ, ಹತ್ತು ಸಾವಿರ ಅಡಿಯ ಎತ್ತರದಿಂದ ವಿಮಾನದ ಕ್ಯಾಮರಾ ನೋಡುವುದು ಬಣ್ಣವನ್ನಲ್ಲ, ನೆರಳನ್ನು. ಬೆಳಗಿನ ಹೊತ್ತು, ಸಂಜೆಯ ಹೊತ್ತು, ನೆಲದ ಮೇಲೆ ಟ್ಯಾಂಕಿಗಿಂತ ಅದರ ನೆರಳೇ ದೊಡ್ಡದು. ಮರಳಿನ ಮೇಲೆ ಮರಳಿನ ಬಣ್ಣದ ವಸ್ತು ಕಾಣದೆ ಹೋಗಬಹುದು. ಗೋಪುರ, ಫಿರಂಗಿಯ ಕೊಳವೆ, ಪಟ್ಟಿಯ ಅಂಚು ಎಲ್ಲವನ್ನೂ ಶಾಯಿಯಲ್ಲಿ ತಿದ್ದಿದಂತೆ ನೆರಳು ಬರೆದು ತೋರಿಸುತ್ತದೆ. ಎರಡನೆಯದು ಹೆಜ್ಜೆಗುರುತು. ಲಾರಿಯ ಚಕ್ರದ ಗುರುತು ಬೇರೆ, ಟ್ಯಾಂಕಿನ ಉಕ್ಕಿನ ಪಟ್ಟಿ ಉತ್ತುಕೊಂಡು ಹೋದ ಜೋಡಿ ಸಾಲು ಬೇರೆ. ಅಂಥ ಗುರುತು ಕೆಲವು ಕಡೆ ತಿಂಗಳುಗಟ್ಟಲೆ ಅಳಿಯುವುದಿಲ್ಲ. ಮೂರನೆಯದು ಧೂಳು. ಅದನ್ನಂತೂ ಯಾವ ಚಿತ್ರಕಾರನೂ ಮುಚ್ಚಲಾರ.

ಈ ನೆರಳಿನ ವಿಚಾರವನ್ನು ಸೈನ್ಯಕ್ಕಿಂತ ಬಹಳ ಮೊದಲು ಬಲ್ಲವು ಪ್ರಾಣಿಗಳು. ಹ್ಯೂ ಕಾಟ್ ೧೯೪೦ರಲ್ಲಿ ಪ್ರಾಣಿಗಳ ಬಣ್ಣವನ್ನು ಕುರಿತು ಒಂದು ಬೃಹದ್ಗ್ರಂಥವನ್ನು ಪ್ರಕಟಿಸಿದರು. ಜಿಂಕೆಯ ಬೆನ್ನು ಕಂದು, ಹೊಟ್ಟೆ ಬಿಳುಪು, ಏಕೆ? ಮೇಲಿನಿಂದ ಬೀಳುವ ಬಿಸಿಲು ಬೆನ್ನನ್ನು ಬೆಳಗಿಸಿ ಹೊಟ್ಟೆಯನ್ನು ಕಪ್ಪಾಗಿಸುತ್ತದೆ. ಬೆನ್ನಿನ ಗಾಢ ಬಣ್ಣವೂ ಹೊಟ್ಟೆಯ ಬಿಳುಪೂ ಸೇರಿ ಆ ವ್ಯತ್ಯಾಸವನ್ನು ಅಳಿಸಿಹಾಕುತ್ತವೆ. ದುಂಡಗಿನ ದೇಹ ಚಪ್ಪಟೆಯಾಗಿ ತೋರಿ ಹಿನ್ನೆಲೆಯಲ್ಲಿ ಕರಗುತ್ತದೆ. ಅದೇ ವರ್ಷ ಅವರು ರೈಲುಬಂಡಿಯ ಮೇಲೆ ಕೂರಿಸಿದ ಎರಡು ಭಾರಿ ಫಿರಂಗಿಗಳನ್ನು ತೆಗೆದುಕೊಂಡು ಒಂದಕ್ಕೆ ಸೈನ್ಯದ ವಾಡಿಕೆಯ ಬಣ್ಣವನ್ನೂ ಇನ್ನೊಂದಕ್ಕೆ ಜಿಂಕೆಯ ನ್ಯಾಯದ ಬಣ್ಣವನ್ನೂ ಬಳಿಯಿಸಿ ವಿಮಾನದಿಂದ ಚಿತ್ರ ತೆಗೆಸಿದರು. ಮೊದಲನೆಯದು ಎದ್ದು ಕಂಡಿತು. ಎರಡನೆಯದನ್ನು, ಎಲ್ಲಿದೆಯೆಂದು ಬಲ್ಲವರೂ ಹುಡುಕಬೇಕಾಯಿತು. ಇಷ್ಟಾದರೂ ಇಂಗ್ಲೆಂಡಿನ ಅಧಿಕಾರಿಗಳು ಮನಗಾಣಲಿಲ್ಲ. ಕಾಟ್ ಬೇಸತ್ತು ಆ ಸಲಹಾ ಸಮಿತಿಯನ್ನೇ ಬಿಟ್ಟರು. ಮುಂದೆ, ಕೈರೋ ಬಳಿಯ ಹೆಲ್ವಾನ್‌ನಲ್ಲಿ ಬಾರ್ಕಸ್ ತೆರೆಸಿದ ತರಬೇತಿ ಶಾಲೆಯಲ್ಲಿ ಅವರು ಮುಖ್ಯ ಬೋಧಕರಾದರು. ದಂಡಿನ ಅಧಿಕಾರಿಗಳಿಗೆ ಪತಂಗ, ಕಪ್ಪೆ, ನೆಲಗುಬ್ಬಿಗಳ ಪಾಠ!

ಬಾರ್ಕಸ್ ತಮ್ಮ ಪಾಠವನ್ನು ಆಕಾಶದಲ್ಲಿ ಕಲಿತರು. ೧೯೪೧ರ ಆರಂಭದಲ್ಲಿ ಈಜಿಪ್ಟಿಗೆ ಬಂದಿಳಿದಾಗ ಅವರು ಮೊದಲು ಮಾಡಿದ ಕೆಲಸಗಳಲ್ಲೊಂದು, ಮರುಭೂಮಿಯ ಮೇಲೆ ವಿಮಾನದಲ್ಲಿ ಹಾರಾಡಿ ಅದನ್ನು ನೋಡಿದ್ದು. ನೆಲದ ಮೇಲೆ ನಿಂತವನಿಗೆ ಏಕಾಕಾರವಾಗಿ, ಶೂನ್ಯವಾಗಿ ತೋರುವ ಮರುಭೂಮಿ ಮೇಲಿನಿಂದ ನಾನಾ ವಿನ್ಯಾಸದ ಬಟ್ಟೆಗಳನ್ನು ಹಾಸಿದಂತೆ ಕಂಡಿತು. ಅವರು ಅವಕ್ಕೆ ಹೆಸರುಗಳನ್ನೂ ಇಟ್ಟರು. ಪೊದೆಗಳು ಚುಕ್ಕಿ ಇಟ್ಟಂತೆ ಹರಡಿದ ನೆಲ ಒಂದು, ನವುರಾದ ಮಖಮಲ್ಲಿನ ಮೇಲೆ ಚಿತ್ರ ಬಿಡಿಸಿದಂಥ ನೆಲ ಒಂದು, ಒಣಹಳ್ಳಗಳ ರೇಖೆಗಳುಳ್ಳ ನೆಲ ಮತ್ತೊಂದು. ಒಂದರ ಮೇಲೆ ಹೊಂದುವ ವೇಷ ಇನ್ನೊಂದರ ಮೇಲೆ ಹೊಂದದು. ಸೀರೆ ಅಂಗಡಿಯವನಿಗಿರುವ ಕಣ್ಣು ಸೇನಾಪತಿಗೆ ಇರುವುದಿಲ್ಲ. ಆದುದರಿಂದಲೇ ಸೇನಾಪತಿಗೆ ಇಂಥವರು ಬೇಕಾದರು.

ಟ್ಯಾಂಕನ್ನು ಕಾಣದಂತೆ ಮಾಡುವುದು ಅಸಾಧ್ಯವೆಂದ ಮೇಲೆ ಉಳಿಯುವುದು ಅದಕ್ಕೆ ಬೇರೆ ರೂಪ ಕೊಡುವ ದಾರಿ. ಈ ಹೊಳಹು ಮೂಡಿದ್ದು ಕಲಾವಿದರಿಗಲ್ಲ, ದಂಡನಾಯಕನೊಬ್ಬನಿಗೆ. ೧೯೪೧ರಲ್ಲಿ ಮಧ್ಯಪ್ರಾಚ್ಯದ ಸೇನಾಧಿಪತಿಯಾಗಿದ್ದ ವೇವೆಲ್ ಒಂದು ಚೀಟಿಯ ಮೇಲೆ ತಮ್ಮ ಕೈಯಿಂದಲೇ ಗೀಚುಚಿತ್ರ ಬರೆದು, ಹಗುರವಾದ ಕ್ಯಾನ್ವಾಸಿನ ತೆರೆಗಳಿಂದ ಟ್ಯಾಂಕನ್ನು ಆಕಾಶದಿಂದ ನೋಡುವವರಿಗೆ ಲಾರಿಯಂತೆ ತೋರಿಸಬಹುದೇ, ಇದು ಹುಚ್ಚು ಕಲ್ಪನೆಯೇ, ಎಂದು ಕೇಳಿದ್ದರು. ಹೌದು, ಮುಂದೆ ನಮ್ಮ ದೇಶದ ವೈಸರಾಯ್ ಆಗಿ ಬಂದ ವೇವೆಲ್ಲರೇ. ತಮಗೆ ಕಂಠಪಾಠವಿದ್ದ ಕವಿತೆಗಳನ್ನು ಸೇರಿಸಿ ಒಂದು ಸಂಕಲನವನ್ನು ಹೊರತಂದ ಆ ಮೌನಿ ಮನುಷ್ಯ. ವೇಷದ ಮರ್ಮ ಕವಿತೆಯ ಓದುಗನಿಗೆ ಹೊಳೆದುದರಲ್ಲಿ ಆಶ್ಚರ್ಯವೇನು?

ಮೊದಲ ಮಾದರಿಯನ್ನು ರೂಪಿಸಿದವನು ಅದೇ ಜಾದೂಗಾರ ಮಾಸ್ಕಲೈನ್. ಮರದ್ದು, ಭಾರವಾದದ್ದು. ಆಮೇಲೆ ಉಕ್ಕಿನ ಕೊಳವೆಯ ಚೌಕಟ್ಟಿಗೆ ಬಣ್ಣ ಬಳಿದ ಕ್ಯಾನ್ವಾಸು ಬಿಗಿದು ಹಗುರ ಮಾಡಿದರು. ‘ಸನ್‌ಶೀಲ್ಡ್’, ಅಂದರೆ ಬಿಸಿಲುಮರೆ, ಎಂದು ಅದರ ಹೆಸರು. ಆ ಹೆಸರೂ ಒಂದು ವೇಷವೇ. ಉದ್ದಕ್ಕೆ ಸೀಳಿದ ಎರಡು ಹೋಳುಗಳು, ಟ್ಯಾಂಕಿನ ಎರಡು ಮಗ್ಗುಲಿಗೆ ಒಂದೊಂದು. ಜೋಡಿಸಿದರೆ ಮೂರು ಟನ್ನಿನ ಲಾರಿಯ ಮೂತಿ, ಚಾಲಕನ ಗೂಡು, ಹಿಂದಣ ಕಮಾನು ಎಲ್ಲವೂ ಕಾಣುತ್ತವೆ. ಅದನ್ನು ಹೊದ್ದುಕೊಂಡೇ ಟ್ಯಾಂಕು ಚಲಿಸಬಹುದು; ಬೇಡವೆಂದಾಗ ಒಳಗಿದ್ದವರು ಕ್ಷಣಮಾತ್ರದಲ್ಲಿ ಕಳಚಿ ಬೀಳಿಸಬಹುದು. ಲಾರಿಯ ನೆರಳು ಲಾರಿಯದೇ; ಕ್ಯಾಮರಾಕ್ಕೆ ಅಷ್ಟು ಸಾಕು.

ಆ ಕಾಲದ ಛಾಯಾಚಿತ್ರವೊಂದರಲ್ಲಿ ನಾನು ಇದನ್ನು ಕಂಡಿದ್ದೇನೆ. ಹತ್ತಿರದಿಂದ ತೆಗೆದ ಆ ಚಿತ್ರದಲ್ಲಿ ವೇಷ ಬಹಳ ಬಡಕಲು. ಕ್ಯಾನ್ವಾಸು ಜೋಲುತ್ತಿದೆ, ಬಾಗಿಲಿನ ಗೆರೆಯನ್ನು ಕುಂಚದಲ್ಲಿ ಎಳೆದದ್ದು ಎದ್ದು ತೋರುತ್ತದೆ, ಕೆಳಗೆ ಉಕ್ಕಿನ ಪಟ್ಟಿ ನಾಚಿಕೆಯಿಲ್ಲದೆ ಹೊರಗೆ ಇಣುಕುತ್ತಿದೆ. ನೋಡಿದೊಡನೆ ನನಗೆ ನೆನಪಾದದ್ದು ನಮ್ಮ ಹಗಲುವೇಷದವರು. ರಾತ್ರಿಯ ಬಯಲಾಟದ ವೇಷಕ್ಕೆ ಕತ್ತಲೆಯ ಸಹಾಯವುಂಟು, ದೀಪದ ಮಾಯೆಯುಂಟು. ಹಗಲುವೇಷದವನಿಗೆ ಅದಾವುದೂ ಇಲ್ಲ. ಸುಡುಬಿಸಿಲಿನಲ್ಲಿ ಮುಖದ ಅರದಾಳ ಬೆವರಿಗೆ ಕರಗುತ್ತಿರುವಾಗಲೇ ಬೀದಿಯಲ್ಲಿ ನಿಂತು ಹನುಮಂತನಾಗಬೇಕು. ಅವನು ಯಾರಿಗೆ ಕಾಣಬೇಕು, ಎಷ್ಟು ದೂರದಿಂದ ಕಾಣಬೇಕು ಎಂಬುದನ್ನು ಬಲ್ಲವನು ಮಾತ್ರ ಗೆಲ್ಲುತ್ತಾನೆ. ಈ ಕ್ಯಾನ್ವಾಸಿನ ಲಾರಿಯ ಪ್ರೇಕ್ಷಕ ಇದ್ದದ್ದು ಆಕಾಶದಲ್ಲಿ. ನೆಲದ ಮೇಲಿನ ನಮ್ಮ ನಗೆಗೆ ಅದು ಹೊಣೆಯಲ್ಲ.

ಹಾಗೆಂದು ವೇಷ ತೊಡಿಸಿದೊಡನೆ ಕೆಲಸ ಮುಗಿಯಲಿಲ್ಲ. ನಿನ್ನೆ ಬರಿದಾಗಿದ್ದ ಬಯಲಿನಲ್ಲಿ ಇಂದು ನೂರಾರು ಲಾರಿಗಳು ನಿಂತರೆ ಶತ್ರು ಎಚ್ಚರಗೊಳ್ಳುತ್ತಾನೆ. ಲಾರಿಗಳಾದರೂ ಸರಿಯೆ, ಏಕೆ ಬಂದವು ಎಂದು ಕೇಳುತ್ತಾನೆ. ಬರ್ಟ್ರಮ್ ತಂತ್ರದ ನಿಜವಾದ ಜಾಣ್ಮೆ ಇಲ್ಲಿದೆ. ದಾಳಿ ಹೊರಡಬೇಕಾದ ಉತ್ತರದ ನೆಲೆಗೆ ‘ಮಾರ್ಟೆಲ್ಲೊ’ ಎಂದು ಹೆಸರಿಟ್ಟು, ಅಲ್ಲಿ ಮುಂಗಡವಾಗಿಯೇ ೭೨೨ ಬಿಸಿಲುಮರೆಗಳನ್ನು ಖಾಲಿಯಾಗಿ ನಿಲ್ಲಿಸಿದರು. ನಡುನಡುವೆ ನಿಜವಾದ ಲಾರಿಗಳನ್ನೂ ಬಿಟ್ಟರು. ಜರ್ಮನ್ ವಿಮಾನಗಳು ಬಂದು ಚಿತ್ರ ತೆಗೆದುಕೊಂಡು ಹೋದವು. ಮತ್ತೆ ಬಂದಾಗಲೂ ಅವೇ ಲಾರಿಗಳು, ಅದೇ ಜಾಗ. ಯಾವ ಅಪಾಯವೂ ಒದಗಲಿಲ್ಲ. ನಮ್ಮ ಬೀದಿಯ ತಿರುವಿನಲ್ಲಿ ವರ್ಷಗಟ್ಟಲೆ ಬಿದ್ದಿರುವ ಮುರುಕು ಗಾಡಿಯನ್ನು ನಾವು ದಿನವೂ ಕಾಣುತ್ತೇವೆ, ಒಂದು ದಿನವೂ ನೋಡುವುದಿಲ್ಲ. ಆ ಬೇಸರವೇ ಇಲ್ಲಿ ಬನ್ನಿಮರದ ಹೆಣ.

ಇತ್ತ ನಿಜವಾದ ಟ್ಯಾಂಕುಗಳನ್ನು ಬಹಳ ಹಿಂದೆ, ಯುದ್ಧರಂಗದಿಂದ ದೂರದ ಶಿಬಿರಗಳಲ್ಲಿ, ಯಾವ ಮುಚ್ಚುಮರೆಯೂ ಇಲ್ಲದೆ ನಿಲ್ಲಿಸಿದ್ದರು. ಅಲ್ಲಿಂದ ದಕ್ಷಿಣಕ್ಕೂ ಹೋಗಬಹುದು, ಉತ್ತರಕ್ಕೂ ಹೋಗಬಹುದು. ದಾಳಿಗೆ ಕೆಲವೇ ದಿನಗಳಿರುವಾಗ, ರಾತ್ರಿಯ ಹೊತ್ತು, ಅವು ಉತ್ತರಕ್ಕೆ ತೆವಳಿದವು. ಯಾವ ಟ್ಯಾಂಕಿಗೆ ಯಾವ ಮುಸುಕು ಎಂಬುದು ಮೊದಲೇ ನಿಶ್ಚಯವಾಗಿತ್ತು. ಬೆಳಕು ಹರಿಯುವಷ್ಟರಲ್ಲಿ ಪ್ರತಿಯೊಂದೂ ತನ್ನ ಕ್ಯಾನ್ವಾಸಿನೊಳಗೆ ಸೇರಿಕೊಂಡಿತು. ಅವು ಬಿಟ್ಟುಬಂದ ಜಾಗದಲ್ಲಿ ಅದೇ ರಾತ್ರಿ ಕಡ್ಡಿ, ಬಟ್ಟೆ, ಬಣ್ಣಗಳ ಹುಸಿ ಟ್ಯಾಂಕುಗಳು ಎದ್ದು ನಿಂತವು. ಮುಂಜಾನೆ ಹಾರಿಬಂದ ವಿಮಾನಕ್ಕೆ ಎಲ್ಲವೂ ಮೊನ್ನೆಯಂತೆಯೇ: ಟ್ಯಾಂಕುಗಳು ಹಿಂದೆ, ಲಾರಿಗಳು ಮುಂದೆ. ಫಿರಂಗಿಗಳಿಗೂ ಇದೇ ಉಪಾಯ ಮಾಡಿದ್ದರು. ಫಿರಂಗಿ, ಅದರ ಮದ್ದಿನ ಬಂಡಿ, ಎಳೆಯುವ ಗಾಡಿ ಎಲ್ಲವನ್ನೂ ಒತ್ತಾಗಿ ನಿಲ್ಲಿಸಿ ಮೇಲೆ ಲಾರಿಯ ಆಕಾರದ ಹೊದಿಕೆ. ಹೀಗೆ ಮುನ್ನೂರಕ್ಕೂ ಹೆಚ್ಚು ಫಿರಂಗಿಗಳು ಲಾರಿಯ ಹೊಟ್ಟೆಯಲ್ಲಿ ಕುಳಿತವು. ಲಾರಿ ಫಿರಂಗಿಯನ್ನು ನುಂಗಿತೆಂದು ಇದಕ್ಕೆ ‘ನರಭಕ್ಷಕ’ ಎಂಬ ಗುಪ್ತನಾಮ!

ಇನ್ನೊಂದು ಪ್ರಸಂಗವನ್ನು ಹೇಳದಿದ್ದರೆ ನನಗೆ ಸಮಾಧಾನವಾಗದು. ಅಷ್ಟು ಟ್ಯಾಂಕುಗಳಿಗೆ ಎರಡು ಸಾವಿರ ಟನ್ ಪೆಟ್ರೋಲು ಮುಂಚೂಣಿಯ ಬಳಿಯಲ್ಲಿಯೇ ಬೇಕಾಗಿತ್ತು. ಡಬ್ಬಿಗಳನ್ನು ಎಲ್ಲಿ ಪೇರಿಸಿದರೂ ನೆರಳು ಬೀಳುತ್ತದೆ. ಏರ್ಟನ್ ಮತ್ತು ರಾಬ್ ಅಲಮೇನ್ ನಿಲ್ದಾಣದ ಸುತ್ತ ಅಲೆಯುತ್ತಿದ್ದಾಗ, ಒಂದು ವರ್ಷದ ಹಿಂದೆ ತೋಡಿ ಕಲ್ಲು ಕಟ್ಟಿ ಬಿಟ್ಟಿದ್ದ ಕಂದಕಗಳ ಸಾಲು ಅವರ ಕಣ್ಣಿಗೆ ಬಿತ್ತು. ಆ ಕಂದಕಗಳು ಶತ್ರುವಿನ ಚಿತ್ರಗಳಲ್ಲಿ ಆಗಲೇ ಎಷ್ಟು ಸಲ ಮೂಡಿದ್ದವೋ! ಕಲ್ಲಿನ ಗೋಡೆಗೆ ಒತ್ತಿ ಒಂದು ಸಾಲು ಡಬ್ಬಿಗಳನ್ನು ಇಟ್ಟರೆ ಕಂದಕ ಕೊಂಚ ಕಿರಿದಾಗುತ್ತದೆ ಅಷ್ಟೆ. ಹೊಸ ನೆರಳು ಒಂದಿಷ್ಟೂ ಹುಟ್ಟುವುದಿಲ್ಲ. ರಾತ್ರಿಗಳಲ್ಲಿ ಪೆಟ್ರೋಲನ್ನೆಲ್ಲ ಅಲ್ಲಿ ತುಂಬಿಸಿ, ತಮ್ಮ ವಿಮಾನದಳದವರನ್ನೇ ಕಳುಹಿಸಿ ಹುಡುಕಿಸಿದರು. ಅವರಿಗೆ ಸಿಗಲಿಲ್ಲ. ಈ ಇಡೀ ಸಾಹಸದಲ್ಲಿ ಹೊಲಿಗೆ, ಬಣ್ಣ, ಚೌಕಟ್ಟು ಯಾವುದೂ ಇಲ್ಲದೆ ಬರಿಯ ನೋಟದಿಂದಲೇ ನಡೆದ ಕೆಲಸ ಇದೊಂದೇ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದೂ ಇದೇ. ಆಹಾರದ ಪೆಟ್ಟಿಗೆಗಳನ್ನು ಲಾರಿಯ ಆಕಾರದಲ್ಲಿ ಪೇರಿಸಿ ಬಲೆ ಹೊದಿಸಿದರು. ಉಳಿದವಕ್ಕೆ ಸಿಪಾಯಿಗಳ ಡೇರೆಯ ರೂಪ ಕೊಟ್ಟರು.

ಉತ್ತರದಲ್ಲಿ ಹೀಗೆ ಇದ್ದುದನ್ನು ಇಲ್ಲವಾಗಿಸಿದ್ದರೆ, ದಕ್ಷಿಣದಲ್ಲಿ ಇಲ್ಲದ್ದನ್ನು ಇದೆಯೆನಿಸಿದರು. ಸೆಪ್ಟೆಂಬರ್ ಕೊನೆಯಲ್ಲಿ ದಕ್ಷಿಣದ ಕಡೆಗೆ ನೀರಿನ ಕೊಳವೆ ಹಾಕುವ ಕೆಲಸ ಆರಂಭವಾದಂತೆ ಕಂಡಿತು. ಕಂದಕ ನಿಜ, ಕೊಳವೆ ಮಾತ್ರ ಪೆಟ್ರೋಲಿನ ಖಾಲಿ ಡಬ್ಬಿಗಳದು. ನಮ್ಮ ಮನೆಗಳಲ್ಲಿ ನೀರು ತುಂಬಲು ಬಳಸುತ್ತಿದ್ದ ಸೀಮೆಎಣ್ಣೆಯ ಚೌಕ ಡಬ್ಬಿಯಂಥದೇ ತೆಳು ತಗಡಿನ ಡಬ್ಬಿ. ಸುಮಾರು ಐದು ಮೈಲಿ ಉದ್ದಕ್ಕೆ ಡಬ್ಬಿಗಳನ್ನು ಸಾಲಾಗಿ ಕಂದಕದ ಪಕ್ಕದಲ್ಲಿಡುವುದು. ರಾತ್ರಿ ಕಂದಕವನ್ನು ಮುಚ್ಚಿ, ಅವೇ ಡಬ್ಬಿಗಳನ್ನು ಆರಿಸಿಕೊಂಡು ಹೋಗಿ ಮುಂದಿನ ಐದು ಮೈಲಿಗೆ ಇಡುವುದು. ನಡುವೆ ಹುಸಿ ಪಂಪುಮನೆಗಳು, ಬೆದರುಬೊಂಬೆಯ ಜನ. ದಿನಕ್ಕೆ ಇಷ್ಟು ಸಾಗಿದರೆ ಕೆಲಸ ಎಂದು ಮುಗಿದೀತು ಎಂದು ಶತ್ರು ಲೆಕ್ಕ ಹಾಕಿಯೇ ಹಾಕುತ್ತಾನೆ. ಹಾಕಿದರೆ ಉತ್ತರ ನವೆಂಬರ್ ಎಂದು ಬರುವಂತೆ ವೇಗವನ್ನು ಹೊಂದಿಸಿದ್ದರು. ಎದುರಾಳಿಯ ಮೂರ್ಖತನವನ್ನಲ್ಲ, ಅವನ ಲೆಕ್ಕದ ಜಾಣತನವನ್ನು ನಂಬಿ ಹೂಡಿದ ಮೋಸ ಇದು. ಅದೇ ದಿಕ್ಕಿನಲ್ಲಿ ಸುಮಾರು ಒಂಬತ್ತು ಸಾವಿರ ಟನ್ ಸಾಮಗ್ರಿಯ ಹುಸಿ ಉಗ್ರಾಣವೂ ಎದ್ದಿತು; ನೋಡಿಕೊಂಡ ರಾಬ್ ಅವರ ಮೊದಲ ಹೆಸರನ್ನೇ ಅದಕ್ಕೆ ಇಟ್ಟರು. ಮುನಾಸಿಬ್ ಎಂಬಲ್ಲಿ ಹುಸಿ ಫಿರಂಗಿಗಳನ್ನು ನೆಟ್ಟು, ಅವು ಅಲುಗದೆ ಇರುವುದನ್ನು ಕಂಡು ಶತ್ರು ‘ಇವು ಬೊಂಬೆಗಳು’ ಎಂದು ತೀರ್ಮಾನಿಸಲೆಂದು ಬೇಕೆಂದೇ ಹಾಗೆ ಬಿಟ್ಟರು. ಬಳಿಕ ಒಂದು ರಾತ್ರಿ ಬೊಂಬೆಗಳನ್ನು ತೆಗೆದು ನಿಜವಾದ ಫಿರಂಗಿಗಳನ್ನು ಕೂರಿಸಿದರು. ಸುಳ್ಳನ್ನು ಸುಳ್ಳೆಂದು ಕಂಡುಹಿಡಿದ ಹೆಮ್ಮೆಯಲ್ಲಿರುವವನಷ್ಟು ಸುಲಭವಾಗಿ ಮೋಸಹೋಗುವವನು ಬೇರೊಬ್ಬನಿಲ್ಲ.

ಇದೆಲ್ಲ ಕಾಗದದ ಮೇಲೆ ಸೊಗಸು. ಮರಳಿನ ಮೇಲೆ ಮಾಡಿದವರ ಪಾಡು ಬೇರೆ. ದಕ್ಷಿಣ ಆಫ್ರಿಕದ ಕಮೂಫ್ಲಾಜ್ ಕಂಪನಿಯವರು, ಪೂರ್ವ ಆಫ್ರಿಕದಂಥ ವಸಾಹತುಗಳಿಂದ ಬಂದ ಪಯೊನಿಯರ್ ದಂಡಿನ ಆಳುಗಳು ಹಗಲು ಬಿಸಿಲಿನಲ್ಲಿಯೂ ರಾತ್ರಿ ಚಳಿಯಲ್ಲಿಯೂ ದುಡಿದರು. ಗೋಣಿ ಹೊಲಿದು, ಕಡ್ಡಿ ಕಟ್ಟಿ, ಗೂಟ ಹೊಡೆದು, ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟಿದ ಈ ಜನರ ಹೆಸರು ಯಾವ ಪುಸ್ತಕದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಚಿತ್ರಕಾರರ ಹೆಸರುಗಳಾದರೂ ಉಳಿದಿವೆ.

ಮರಳುಗಾಡಿನಲ್ಲಿ ಸೋಗು ಹಾಕುವುದು ಬ್ರಿಟಿಷರ ಗುತ್ತಿಗೆಯೇನೂ ಆಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ೧೯೪೧ರ ಫೆಬ್ರವರಿಯಲ್ಲಿ ಟ್ರಿಪೊಲಿಗೆ ಬಂದಿಳಿದೊಡನೆ ರೊಮ್ಮೆಲ್ ಮಾಡಿಸಿದ ಮೊದಲ ಕೆಲಸಗಳಲ್ಲೊಂದು ಫೋಕ್ಸ್‌ವ್ಯಾಗನ್ ಕಾರುಗಳ ಮೇಲೆ ಹುಸಿ ಟ್ಯಾಂಕುಗಳನ್ನು ಕಟ್ಟಿಸಿದ್ದು. ಆ ವರ್ಷದ ಕೊನೆಯ ದಾಳಿಗೆ ಮುನ್ನ ಬ್ರಿಟಿಷರ ಕಡೆಯ ಸ್ಟೀವನ್ ಸೈಕ್ಸ್ ಮಿಶೈಫಾ ಎಂಬಲ್ಲಿ ಒಂಬತ್ತು ಮೈಲಿ ಉದ್ದದ ಹುಸಿ ರೈಲುದಾರಿಯನ್ನೇ ಹಾಕಿಸಿದ್ದರು. ತಗಡಿನ ಡಬ್ಬಿಗಳನ್ನು ಬಡಿದು ಮಾಡಿದ ಹಳಿಗಳು, ತುದಿಯಲ್ಲಿ ಹುಸಿ ನಿಲ್ದಾಣ, ಹುಸಿ ಬಂಡಿಗಳು. ನಿಜವಾದ ನಿಲ್ದಾಣದ ಮೇಲೆ ಬೀಳಬಹುದಾಗಿದ್ದ ನೂರಕ್ಕೂ ಹೆಚ್ಚು ಬಾಂಬುಗಳನ್ನು ಆ ತಗಡಿನ ನಿಲ್ದಾಣ ತನ್ನ ಮೈಮೇಲೆ ಹಾಕಿಸಿಕೊಂಡಿತು. ಈ ಸೈಕ್ಸ್ ಯುದ್ಧ ಮುಗಿದ ಮೇಲೆ ತಮ್ಮ ಕಲೆಗೆ ಮರಳಿದರು. ೧೯೪೦ರ ಬಾಂಬುಗಳಿಗೆ ಆಹುತಿಯಾದ ಕೊವೆಂಟ್ರಿಯ ಕ್ಯಾಥೆಡ್ರಲನ್ನು ಹೊಸದಾಗಿ ಕಟ್ಟಿ ೧೯೬೨ರಲ್ಲಿ ಪ್ರತಿಷ್ಠಾಪಿಸಿದಾಗ, ಅದರೊಳಗಿನ ಗೆತ್ಸೆಮನೆ ಪ್ರಾರ್ಥನಾಮಂದಿರದ ದೇವದೂತನನ್ನು ರೂಪಿಸಿದವರು ಅವರೇ. ಅದೇ ಕ್ಯಾಥೆಡ್ರಲಿನ ಪಶ್ಚಿಮದ ಮಹಾ ಗಾಜಿನ ತೆರೆಯ ಮೇಲೆ ಸಂತರನ್ನೂ ದೇವದೂತರನ್ನೂ ಕೊರೆದವರು ಜಾನ್ ಹಟನ್. ಮರುಭೂಮಿಯಲ್ಲಿ ಈ ಇಬ್ಬರ ಕೆಲಸ ಗೆದ್ದಿತೆಂದರೆ ಅದು ಕೆಲಸವೆಂದೇ ಯಾರಿಗೂ ಕಾಣಲಿಲ್ಲವೆಂದು ಅರ್ಥ. ಏರ್ಟನ್ ಮಾತ್ರ ಮನೆಗೆ ಮರಳಲಿಲ್ಲ, ೧೯೪೩ರಲ್ಲಿ ತೀರಿಕೊಂಡರು.

೧೯೪೨ರ ಅಕ್ಟೋಬರ್ ೨೩, ಹುಣ್ಣಿಮೆಗೆ ಹಿಂದಿನ ರಾತ್ರಿ. ಒಂಬತ್ತೂ ನಲವತ್ತಕ್ಕೆ ಸುಮಾರು ಒಂಬೈನೂರು ಫಿರಂಗಿಗಳು ಒಮ್ಮೆಗೇ ಬಾಯಿಬಿಟ್ಟವು. ಲಾರಿಗಳು ಮೈಕೊಡವಿ ಟ್ಯಾಂಕುಗಳಾದವು. ರೊಮ್ಮೆಲ್ ಆಗ ಕಾಯಿಲೆಯ ರಜೆಯ ಮೇಲೆ ತಾಯ್ನಾಡಿನಲ್ಲಿದ್ದರು. ಅವರ ಬದಲಿಗೆ ಇದ್ದ ಸ್ಟುಮ್ಮೆ ಮರುದಿನವೇ ರಣರಂಗದಲ್ಲಿ ಹೃದಯಾಘಾತದಿಂದ ಸತ್ತರು. ಜರ್ಮನರ ಇಪ್ಪತ್ತೊಂದನೆಯ ಪಾನ್ಸರ್ ಡಿವಿಷನ್ನು ದಕ್ಷಿಣವನ್ನೇ ಕಾಯುತ್ತ ನಿಂತಿತ್ತು. ರೊಮ್ಮೆಲ್ ಹಿಂತಿರುಗಿ ಬಂದು, ಅಕ್ಟೋಬರ್ ೨೬ರಂದು ಅದನ್ನು ಉತ್ತರಕ್ಕೆ ಕರೆಸಿಕೊಳ್ಳುವಷ್ಟರಲ್ಲಿ ಮೂರು ದಿನ ಕಳೆದಿದ್ದವು. ಇದೆಲ್ಲವನ್ನೂ ಕ್ಯಾನ್ವಾಸಿನ ಲೆಕ್ಕಕ್ಕೇ ಬರೆಯುವುದು ನ್ಯಾಯವಲ್ಲ. ಆಕಾಶ ಬ್ರಿಟಿಷರ ಕೈಯಲ್ಲಿತ್ತು. ಜರ್ಮನ್ ವಿಮಾನಗಳು ಬೇಕಾದಾಗ ಬಂದು ಬೇಕಾದಷ್ಟು ಹೊತ್ತು ನೋಡುವ ಸ್ಥಿತಿಯಲ್ಲಿರಲಿಲ್ಲ. ಅವರ ಪೆಟ್ರೋಲೂ ಮುಗಿಯುತ್ತ ಬಂದಿತ್ತು. ಒಮ್ಮೆ ಉತ್ತರಕ್ಕೆ ಬಂದ ಡಿವಿಷನ್ನು ಮತ್ತೆ ದಕ್ಷಿಣಕ್ಕೆ ಹೋಗುವ ಹಾಗಿರಲಿಲ್ಲ. ಆದರೂ ವೇಷ ತನ್ನ ಪಾಲಿನ ಕೆಲಸ ಮಾಡಿತೆಂಬುದಕ್ಕೆ ಎದುರಾಳಿಯ ಬಾಯಿಯಿಂದಲೇ ಸಾಕ್ಷಿ ದೊರೆತಿದೆ. ನವೆಂಬರ್ ೪ರಂದು ಸೆರೆಸಿಕ್ಕ ಜನರಲ್ ಫಾನ್ ಥೋಮಾ, ದಾಳಿ ದಕ್ಷಿಣದಲ್ಲಿ ಬರುವುದೆಂದೇ ತಾವು ಎಣಿಸಿದ್ದುದಾಗಿಯೂ, ಬ್ರಿಟಿಷರ ಬಳಿ ನಿಜವಾಗಿ ಇದ್ದುದಕ್ಕಿಂತ ಒಂದು ಟ್ಯಾಂಕು ಡಿವಿಷನ್ನು ಹೆಚ್ಚಾಗಿಯೇ ಇದೆಯೆಂದು ನಂಬಿದ್ದುದಾಗಿಯೂ ಹೇಳಿದರು. ನವೆಂಬರ್ ೧೧ರಂದು ಚರ್ಚಿಲ್ ಪಾರ್ಲಿಮೆಂಟಿನಲ್ಲಿ ಮಾತನಾಡುತ್ತ ಈ ಛದ್ಮವೇಷವನ್ನು ಬಾಯಿತುಂಬ ಹೊಗಳಿದರು.

ಆ ಭಾಷಣದ ಹೊಗಳಿಕೆಯೊಡನೆ ಈ ಕತೆಯನ್ನು ಮುಗಿಸುವುದು ವಾಡಿಕೆ. ಅದಕ್ಕೆ ಒಂಬತ್ತು ದಿನ ಹಿಂದಿನ ಒಂದು ಬೆಳಗನ್ನು ನಾನು ಬಿಟ್ಟುಬಿಡಲಾರೆ. ಗೋಡೆ ಒಂದೇ ಏಟಿಗೆ ಒಡೆದಿರಲಿಲ್ಲ. ನೆಲಬಾಂಬಿನ ಹಾದಿಗಳಲ್ಲಿ ಟ್ಯಾಂಕುಗಳು ಸಿಕ್ಕಿಕೊಂಡು, ಹತ್ತು ದಿನ ಎರಡೂ ಕಡೆಯವರು ಒಬ್ಬರನ್ನೊಬ್ಬರು ತೇಯುತ್ತ ಕುಳಿತಿದ್ದರು. ನವೆಂಬರ್ ೨ರಂದು, ತೆಲ್ ಎಲ್ ಅಕ್ಕಾಕಿರ್ ಎಂಬ ದಿಣ್ಣೆಯ ಮುಂದೆ ಸಾಲುಗಟ್ಟಿದ್ದ ಜರ್ಮನ್ ಫಿರಂಗಿಗಳನ್ನು ಒಡೆಯಲು ಒಂಬತ್ತನೆಯ ಆರ್ಮರ್ಡ್ ಬ್ರಿಗೇಡನ್ನು ಕಳುಹಿಸಲಾಯಿತು. ನಾಯಕ, ಬ್ರಿಗೇಡಿಯರ್ ಕರಿ. ಬೆಳಕು ಹರಿಯುವ ಮೊದಲೇ ಫಿರಂಗಿಗಳ ಮೇಲೆ ಬೀಳಬೇಕೆಂದು ಲೆಕ್ಕ. ಹಿಂದಿದ್ದ ಒಂದು ತುಕಡಿ ದಾರಿಯಲ್ಲಿ ತಡವಾದುದರಿಂದ ಹೊರಡುವ ಹೊತ್ತನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದರು. ಅವರು ಹೋಗುತ್ತಿದ್ದುದು ಪಶ್ಚಿಮಕ್ಕೆ. ಸೂರ್ಯ ಹುಟ್ಟುವುದು ಬೆನ್ನಿನ ಹಿಂದೆ. ಫಿರಂಗಿಗಳನ್ನು ತ್ರಿವಿಕ್ರಮನಂತೆ ತುಳಿದು ದಾಟುವ ಮೊದಲೇ ಮೂಡಲು ಬೆಳಗಾಯಿತು. ಎರಡು ತಿಂಗಳ ಕಾಲ ಇಡೀ ಸೈನ್ಯ ಕ್ಯಾನ್ವಾಸು, ಕಡ್ಡಿ, ಡಬ್ಬಿಗಳನ್ನು ಹಿಡಿದು ಅಷ್ಟು ಜತನದಿಂದ ಅಳಿಸಿದ್ದ ಆ ಗೋಪುರ, ಆ ಕೊಳವೆ, ಆ ಅಂಚು ಎಲ್ಲವೂ ಬೆಳ್ಳನೆಯ ಆಕಾಶದ ಮೇಲೆ ಕಪ್ಪಾಗಿ, ಚಿತ್ರ ಬರೆದಿಟ್ಟಂತೆ ಎದ್ದು ನಿಂತವು. ಜರ್ಮನ್ ಗುರಿಕಾರರಿಗೆ ಹುಡುಕುವ ಕೆಲಸವೇ ಇರಲಿಲ್ಲ. ಅಂದು ಬೆಳಿಗ್ಗೆ ಹೊರಟ ೯೪ ಟ್ಯಾಂಕುಗಳಲ್ಲಿ ಸುಮಾರು ೭೦ ಅಲ್ಲಿಯೇ ಉಳಿದವು.